ಕುಗ್ಗದ ಖಾಕಿ

ವೈಶಾಲಿ ಮೊದಲ ಸಲ ಮಾಳುವಿನ ಅಂಗಡಿಯ ಮೆಟ್ಟಿಲು ಹತ್ತಿದ್ದು ಜಗಳಕ್ಕೆ.

ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಎದುರು, ಬೆಲ್ಲದ ಅಡತಿ ಅಂಗಡಿಯ ಮೇಲೆ, ಒಂದೇ ಕಿಟಕಿಯ ಕೋಣೆ. ಅದೇ ಮಾಳುವಿನ ಲೇಡೀಸ್ ಟೇಲರ್ ಶಾಪ್. ಕೆಳಗಿನಿಂದ ಬೆಲ್ಲದ ವಾಸನೆ ಮೇಲೆ ಬರುತ್ತಿತ್ತು, ಮೇಲಿನಿಂದ ಮೆಷಿನ್ನಿನ ಸದ್ದು ಕೆಳಗೆ ಹೋಗುತ್ತಿತ್ತು. ಅವತ್ತು ಅವನು ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತಿದ್ದಾಗ ಕಟ್ಟಿಗೆಯ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ತಲೆ ಎತ್ತಿದರೆ ಬಾಗಿಲಲ್ಲಿ ಖಾಕಿ ಅಂಗಿಯ ಹುಡುಗಿ. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮೆಷಿನ್, ಮೂಗಿನ ತುದಿಯಲ್ಲಿ ಸಿಟ್ಟು.

“ಟೇಲರ್ ಎಲ್ಲದಾರ?” ಎಂದಳು, ಅವನನ್ನೇ ನೋಡುತ್ತ.

“ನಾನ ರೀ ಟೇಲರ್.”

“ನೀವ?” ಅವಳು ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. “ನಮ್ಮವ್ವ ನಿಮಗ ಅಂಗಿ ಹೊಲಿಯಾಕ ಕೊಟ್ಟಿದ್ಲೋ, ನನ್ನ ಕುತಿಗಿ ಹಿಸುಕಾಕ ಕೊಟ್ಟಿದ್ಲೋ? ಗುಂಡಿ ಹಾಕಿದ್ರ ಉಸರಾಡಾಕ ಬರವಲ್ದು. ಮುಧೋಳ, ಮುಧೋಳ ಅಂತ ಒದರಾಕ ಹೋದ್ರ ‘ಮು’ ಅನ್ನೂದರೊಳಗ ದನಿ ನಿಂದರತೈತಿ.”

“ಅಳತಿ ಅಂಗಿ ಹೆಂಗ ಇತ್ತೋ ಹಂಗ ಹೊಲಿದೇನ್ರಿ. ಒಂದ ಎಳಿ ಫರಕ ಇದ್ರ ತೋರಸ್ರಿ.” ಮಾಳು ಗಂಟಿನೊಳಗಿಂದ ಅವಳ ತಾಯಿ ಕೊಟ್ಟುಹೋಗಿದ್ದ ಅಳತೆಯ ಅಂಗಿಯನ್ನು ಎಳೆದು ಮೇಜಿನ ಮೇಲೆ ಹಾಸಿದ.

ಅವಳು ಅದನ್ನು ನೋಡಿದಳು. ಸಿಟ್ಟು ತುಟಿಯ ಹತ್ತಿರ ಬಂದು ನಿಂತಿತು, ನಡುಗಿತು, ನಗೆಯಾಗಿ ಒಡೆಯಿತು.

“ಅಯ್ಯ ಯವ್ವಾ! ಇದು ನನ್ನ ಹೈಸ್ಕೂಲಿನ ಅಂಗಿ!”

ಮಾಳುವೂ ನಕ್ಕ. ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ಅವಳು ಕಿಟಕಿಯಿಂದ ಬಗ್ಗಿ “ಬಂದೇ, ಸೋಮಲಿಂಗ ಕಾಕಾ! ಎರಡ ಮಿನಿಟು!” ಎಂದು ಡ್ರೈವರನಿಗೆ ಕೂಗಿ, ಇತ್ತ ತಿರುಗಿ ಗದ್ದ ಮೇಲೆತ್ತಿ ನಿಂತಳು. “ಲಗೂನ ಟೇಪ್ ಹಚ್ಚಿ ನೋಡ್ರಿ. ಎಷ್ಟ ಬಿಡಬೇಕೋ ಬಿಡ್ರಿ.”

“ನಾವು ಹೆಣ್ಮಕ್ಕಳ ಮೈಗೆ ಟೇಪ್ ಹಚ್ಚಂಗಿಲ್ರಿ.”

ಅದು ಮುತ್ತಣ್ಣ ಮಾಸ್ತರರ ಕಟ್ಟಳೆ. ಜಮಖಂಡಿಯಲ್ಲಿ ಮಾಳುವಿಗೆ ಕತ್ತರಿ ಹಿಡಿಯಲು ಕಲಿಸಿದವರು ಅವರು. ಹೆಣ್ಣುಮಕ್ಕಳು ಒಂದು ಸರಿಯಾಗಿ ಕೂರುವ ಬಟ್ಟೆ ತಂದುಕೊಡಬೇಕು, ಟೇಲರನಾದವನು ಅದಕ್ಕೆ ಟೇಪು ಹಚ್ಚಬೇಕು, ಮೈಗಲ್ಲ. ಹಳ್ಳಿಯ ಹೆಂಗಸರು ಧೈರ್ಯವಾಗಿ ಅಂಗಡಿಯ ಮೆಟ್ಟಿಲು ಹತ್ತುವುದು ಈ ಒಂದು ಮಾತಿನ ಮೇಲೆ ಎಂದು ಮಾಸ್ತರರು ಹೇಳುತ್ತಿದ್ದರು. ಮಾಳು ಅದನ್ನು ಎಂದೂ ಮುರಿದವನಲ್ಲ.

“ಹಂಗಾರ ಹೆಂಗ?”

“ಗುಂಡಿ ಸರಸಿ ಕೊಡತೇನಿ. ನಾಳಿಗೆ ಛಂದಾಗಿ ಕೂಡೂ ಅಂಗಿ ಒಂದ ತಂದಿಡ್ರಿ. ಇಲ್ಲೇ ಇರ್ಲಿ. ಮುಂದ ಯಾವಾಗ ಹೊಲಿಸಿದ್ರೂ ತ್ರಾಸ ಆಗಂಗಿಲ್ಲ.”

ಅವಳು ಮರುದಿನ ತಂದು ಕೊಟ್ಟ ಅಂಗಿಯನ್ನು ಮಾಳು ತನ್ನ ಬೆನ್ನ ಹಿಂದಿನ ಗೋಡೆಯ ಮೊಳೆಗೆ ತೂಗುಹಾಕಿದ. ಮಿಕ್ಕವರ ಅಳತೆಯ ಬಟ್ಟೆಗಳೆಲ್ಲ ಗಂಟಿನೊಳಗಿದ್ದವು. ಆ ಮೊಳೆ ಯಾಕೆ ಎಂದು ಅವಳು ಕೇಳಲಿಲ್ಲ. ಕೇಳದೆಯೇ ಒಂದು ಸಲ ಮೊಳೆಯನ್ನೂ ಒಂದು ಸಲ ಅವನನ್ನೂ ನೋಡಿ ಮೆಟ್ಟಿಲಿಳಿದಳು.

*

ಆಮೇಲಿನದು ಹತ್ತು ಹತ್ತು ಮಿನಿಟಿನ ಪ್ರೀತಿ.

ಜಮಖಂಡಿಯಿಂದ ಹೊರಟು ಬನಹಟ್ಟಿ, ರಬಕವಿ ದಾಟಿ ಮುಧೋಳಕ್ಕೆ ಹೋಗುವ ಅವಳ ಬಸ್ಸು ಮಹಾಲಿಂಗಪುರದಲ್ಲಿ ಅಷ್ಟೇ ಹೊತ್ತು ನಿಲ್ಲುತ್ತಿತ್ತು. ಬಾಗಿಲ ಬಳಿ ಬಲಗೈಯಿಂದ ಮೇಲಿನ ಸರಳು ಹಿಡಿದು ಅರ್ಧ ಹೊರಗೆ ಜೋತು ಬರುವ ಅವಳು, ಬಸ್ಸು ನಿಲ್ಲುವ ಮೊದಲೇ ಕತ್ತು ಹೊರಳಿಸಿ ಮಹಡಿಯ ಕಿಟಕಿಯನ್ನು ನೋಡುತ್ತಿದ್ದಳು. ಆ ನೋಟಕ್ಕೆ ಒಂದು ಪದ್ಧತಿಯಿತ್ತು. ಮೊದಲು ಕಣ್ಣು ಏಳುತ್ತಿತ್ತು, ಆಮೇಲೆ ಗದ್ದ, ಕಡೆಗೆ ಕತ್ತು ಪೂರಾ ಹಿಂದಕ್ಕೆ ವಾಲಿ, ಕೊರಳಿನ ಎರಡು ಬದಿಯ ನರಗಳು ವೀಣೆಯ ತಂತಿಯಂತೆ ಬಿಗಿದು ನಿಲ್ಲುತ್ತಿದ್ದವು. ಕಾಲರಿನ ಗುಂಡಿ ಹೊಳೆಯುತ್ತಿತ್ತು. ಮೆಷಿನ್ನಿನ ಮುಂದೆ ಕೂತ ಮಾಳುವಿನ ಕಾಲು ಪೆಡಲಿನ ಮೇಲೆ ತಾನಾಗಿ ನಿಲ್ಲುತ್ತಿತ್ತು.

“ಏ ಟೇಲರ್! ಚಾ ಆತೇನು?”

“ನೀ ಕುಡಿಸಿದ್ರ ಆಗತೈತಿ.”

“ಇಳದ ಬಾ. ಕುಡಿಸ್ತೇನಿ.”

“ಮೆಷಿನ್ ಬಿಟ್ಟ ಹೆಂಗ ಬರ್ಲಿ?”

“ಮೆಷಿನ್ ಏನ್ ನಿನ್ನ ಹೇಣ್ತಿ ಏನು?”

ಬಸ್ಸಿನೊಳಗಿನ ಹೆಂಗಸರು ಕಿಸಕ್ಕೆಂದು ನಗುತ್ತಿದ್ದರು. ಮಾಳು ಇಳಿದು ಹೋಗುತ್ತಿರಲಿಲ್ಲ. ಇಡೀ ಸ್ಟ್ಯಾಂಡು ನೋಡುತ್ತದೆ ಎಂಬ ನಾಚಿಕೆ ಒಂದು. ಮೇಲಿನಿಂದ ಅವಳನ್ನು ನೋಡುವುದರಲ್ಲಿದ್ದ ಸುಖ ಇನ್ನೊಂದು. ‘ರೀ’ ಯಾವತ್ತು ಉದುರಿಹೋಯಿತೋ ಇಬ್ಬರಿಗೂ ನೆನಪಿಲ್ಲ. ಅವಳಿಗೆ ಹೊತ್ತಿದ್ದರೆ ತಾನೇ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಬನಹಟ್ಟಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಟಿಕೆಟ್ ತೆಗೆಸದೆ ಮೇಕೆಮರಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡದ್ದನ್ನೂ, ಅದು ಸರಿಯಾಗಿ ಚೆಕಿಂಗಿನವರ ಮುಂದೆಯೇ ಅರಚಿದ್ದನ್ನೂ ಅಭಿನಯಿಸಿ ತೋರಿಸಿ, ಅವನ ನೀರಿನ ತಂಬಿಗೆಯನ್ನು ಖಾಲಿ ಮಾಡಿ ಹೋಗುತ್ತಿದ್ದಳು.

ಮನೆಯಲ್ಲಿ ತಾಯಿ ತಂಗೆವ್ವ ಕೇಳುತ್ತಿದ್ದಳು. “ಅನಸವ್ವನ ಮಗಳಲ್ಲನೋ? ನಮ್ಮ ಬೀರಪ್ಪನ ಗುಡಿಗೆ ನಡಕೊಳ್ಳೂ ಮಂದಿನ. ನಾ ಹೋಗಿ ಕೇಳತೇನಿ.”

“ಇನ್ನ ನಾಕ ದಿನ ಹೋಗ್ಲಿ ಬೇ.”

“ಯಾಕ? ಆಕಿ ಏನ್ ನಿನ್ನ ಕಪಾಟಿನಾಗಿನ ಅರಿವಿ ಏನು, ಮಡಿಚಿಟ್ರ ಇಟ್ಟಲ್ಲೇ ಇರಾಕ?”

ಮಾಳುವಿಗೆ ಕಾರಣವಿರಲಿಲ್ಲ. ಆ ಹತ್ತು ಮಿನಿಟು, ಆ ಕಿಟಕಿ, ಆ ಕೂಗು. ಮದುವೆಯಾದರೆ ಇವೆಲ್ಲ ಮುಗಿಯುತ್ತವಲ್ಲ ಎಂಬ ಒಂದು ಹುಡುಗುತನ, ಅಷ್ಟೇ. ಊಟಕ್ಕೆ ಕರೆಯುತ್ತಿದ್ದರೂ ಇನ್ನೊಂದು ಆಟ ಆಡಿಬಿಡುತ್ತೇನೆ ಎನ್ನುವ ಮಗುವಿನ ಹಾಗೆ ಅವನು ಆ ಸುಖವನ್ನು ಎಳೆಯುತ್ತಿದ್ದ.

*

ಒಂದು ದಿನ ವೈಶಾಲಿ ಹೊಸ ಅಂಗಿ ಹಿಡಿದುಕೊಂಡು ಮೇಲೆ ಬಂದಳು.

“ಮತ್ತ ಕಾಲರ್ ಬಿಗಿ.”

“ಬಟ್ಟಿ ಕುಗ್ಗಿರಬೇಕು.” ಎಲ್ಲ ಟೇಲರುಗಳ ಬಾಯಲ್ಲೂ ತಯಾರಿರುವ ಮಾತದು. ಯೋಚಿಸದೆ ಬರುತ್ತದೆ.

“ಕುಗ್ಗೂದು ಕೊಳ್ಳಾಗ ಅಷ್ಟ ಏನು? ತೋಳ ಕುಗ್ಗಿಲ್ಲ, ಉದ್ದ ಕುಗ್ಗಿಲ್ಲ.” ಮೇಜಿನ ಮೇಲೆ ಎರಡೂ ಮೊಣಕೈ ಊರಿ ಅವಳು ಮುಖ ಹತ್ತಿರ ತಂದಳು. ಕಣ್ಣಂಚಿನಲ್ಲಿ ಕಾಡಿಗೆಗಿಂತ ಕಪ್ಪಗೆ ತುಂಟತನ. “ನಾ ಬರ್ಲಿ ಅಂತ ಬಿಗಿ ಹೊಲೀತಿ ನೀ. ಖರೆ ಹೇಳು.”

ಅವನು ಬಿಗಿ ಹೊಲಿದಿರಲಿಲ್ಲ.

ಮೊಳೆಯ ಮೇಲಿನ ಅಂಗಿಯನ್ನು ಇಳಿಸಿ, ಟೇಪು ಹಚ್ಚಿ, ಯಾವಾಗಲೂ ಹೊಲಿಯುವಂತೆಯೇ ಹೊಲಿದಿದ್ದ. ‘ಇಲ್ಲ, ನಾ ಬಿಗಿ ಮಾಡಿಲ್ಲ’ ಎಂಬ ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಅವಳ ಮುಖದ ಮೇಲೆ ಆ ನಗೆ ಇತ್ತಲ್ಲ, ಒಬ್ಬ ಗಂಡಸು ತನಗಾಗಿ ಕಳ್ಳತನ ಮಾಡಿದ್ದಾನೆ ಎಂದು ಗೊತ್ತಾದ ಹೆಣ್ಣಿನ ನಗೆ, ಅದನ್ನು ಒರೆಸಿಹಾಕಲು ಮಾಳುವಿಗೆ ಮನಸ್ಸಾಗಲಿಲ್ಲ. ಅವನು ತಲೆ ತಗ್ಗಿಸಿ ಸುಮ್ಮನೆ ನಕ್ಕ.

ಹೊಲಿಗೆ ತಪ್ಪಿದರೆ ಬಿಚ್ಚಿ ಹೊಲಿಯಬಹುದು. ತನ್ನ ಆ ಒಂದು ನಗೆಯನ್ನು ಮಾಳು ಮುಂದೆ ಎಷ್ಟು ಸಲ ಬಿಚ್ಚಿದನೋ.

“ಕಳ್ಳ,” ಎಂದಳು ವೈಶಾಲಿ. ಕಿವಿಯ ಓಲೆ ಅಲುಗಿತು. ಮಾಳು ಗುಂಡಿಯನ್ನು ಇಷ್ಟೇ ಇಷ್ಟು ಸರಿಸಿ ಹಚ್ಚಿಕೊಟ್ಟ.

ಕೆಲವು ವಾರ ಕಳೆದು ಮತ್ತೆ ಬಂದಳು. ಗುಂಡಿ ಮತ್ತಷ್ಟು ಸರಿಯಿತು. ಆಮೇಲೊಮ್ಮೆ ಬೆರಳನ್ನು ಕಾಲರಿನೊಳಗೆ ತೂರಿಸಲು ನೋಡಿ, ಆಗದೆ, ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು: “ಈ ಸಲ ಭಾಳ ನೆನಪಾಗಿತ್ತೇನು? ಭಾಳ ಬಿಗಿ ಮಾಡೀದಿ.”

ಆ ಮಾತಿಗೆ ಮಾಳು ಇಡೀ ದಿನ ತೇಲಾಡಿದ. ಸಂಜೆ ಅಂಗಡಿ ಮುಚ್ಚುವಾಗ ಮಾತ್ರ ಮನಸ್ಸಿನ ಮೂಲೆಯಲ್ಲಿ ಸಣ್ಣದೊಂದು ಸೂಜಿ ಚುಚ್ಚಿತು. ಅಳತೆಯ ಅಂಗಿ ಅದೇ, ಕೈ ಅದೇ, ಬಟ್ಟೆ ಅದೇ ಥಾನಿನದು. ಮತ್ತೆ ಯಾಕೆ? ಅವನು ಕೀಲಿ ತಿರುವಿದ. ಆ ಪ್ರಶ್ನೆ ಅಂಗಡಿಯ ಒಳಗೇ ಉಳಿಯಿತು.

ಒಂದೇ ಒಂದು ಸಲ ಅವನು ಆ ಕೊರಳಿಗೆ ಟೇಪು ಸುತ್ತಿದ್ದರೆ ಸಾಕಿತ್ತು.

*

ಕಡೆಗೂ ಮಾಳು ತಾಯಿಯ ಮಾತಿಗೆ ಹೂಂ ಎಂದ. ತಂಗೆವ್ವ ಗಂಡ ಸಾಬಣ್ಣನನ್ನು ಎಬ್ಬಿಸಿಕೊಂಡು, ಚೀಲದಲ್ಲಿ ತೆಂಗಿನಕಾಯಿ, ಸಕ್ಕರೆ, ಒಂದು ಕುಪ್ಪಸದ ಖಣ, ಬೀರಪ್ಪನ ಗುಡಿಯ ಭಂಡಾರದ ಅರಿಶಿನ ಇಟ್ಟುಕೊಂಡು ಬನಹಟ್ಟಿಗೆ ಹೋದಳು. ಮಾಳು ಅವತ್ತು ಒಂದು ಬ್ಲೌಸಿಗೆ ಎರಡೂ ಎಡತೋಳನ್ನೇ ಕತ್ತರಿಸಿದ.

ಇಳಿಹೊತ್ತಿಗೆ ತಾಯಿ ನೇರ ಅಂಗಡಿಗೇ ಬಂದಳು. ಚೀಲ ಹೋಗುವಾಗ ಇದ್ದಷ್ಟೇ ಉಬ್ಬಿಕೊಂಡಿತ್ತು.

“ಯಾಕವ್ವ? ಒಲ್ಲೆ ಅಂದ್ರೇನು?”

“ನಾ ಕೇಳಲಿಲ್ಲೋ.” ತಂಗೆವ್ವ ಕತ್ತರಿಸಿದ ಬಟ್ಟೆಯ ಚೂರುಗಳ ಮೇಲೆಯೇ ಕುಸಿದು ಕೂತಳು. “ಕೇಳೂಕಿಂತ ಮೊದಲ ಭಂಡಾರ ಹಚ್ಚಬೇಕಲ್ಲ. ಹಣಿಗೆ ಹಚ್ಚಿದೆ, ಗಲ್ಲಕ್ಕ ಹಚ್ಚಿದೆ. ಕೊಳ್ಳಿಗೆ ಹಚ್ಚಾಕ ಹೋದ್ರ ಬೆರಳಿಗೆ ಗಂಟ ಹತ್ತಿತು. ಒಂದಲ್ಲೋ. ಬಲಕ್ಕ ಕಿವಿ ಬುಡದಿಂದ ತೆಳಗ ಸಾಲ್ಕ ಅದಾವು, ಸರದಾಗಿನ ಗುಂಡ ಇದ್ದಂಗ. ಎಷ್ಟ ಕುರಿ ಕುತಿಗಿ ಮುಟ್ಟಿ ನೋಡೇನಿ ನಾ, ರೋಗದ ಗಂಟ ಕೈಗೆ ತಿಳೀತೈತಿ. ಕೈ ಹಿಂದಕ್ಕ ಬಂತು.”

ಮಾಳುವಿನ ಕೈಯಲ್ಲಿ ಸೂಜಿ ಹಾಗೇ ನಿಂತಿತ್ತು.

“ಎಂದಿನಿಂದ ಐತಿ ಯವ್ವಾ ಅಂದೆ. ಆ ಹುಡುಗಿ ನಕ್ಕೋಂತ, ‘ಅದೇನೂ ಇಲ್ರಿ ಅತ್ತಿ, ನಿಮ್ಮ ಮಗ ಕಾಲರ್ ಬಿಗಿ ಹೊಲೀತಾನ, ಅದಕ ಬಾತಿರಬೇಕು’ ಅಂದ್ಳು.” ತಂಗೆವ್ವ ಮಗನ ಮುಖ ನೋಡಿದಳು. “ಯಾಕ ಬಿಗಿ ಹೊಲೀತಿಯೋ, ಖೋಡಿ?”

ಕೆಳಗೆ ಬಸ್ಸೊಂದು ಸೀಟಿ ಹಾಕಿಸಿಕೊಂಡು ಹೊರಟಿತು. ನಾನು ಬಿಗಿ ಹೊಲಿದಿಲ್ಲ ಎಂದು ತಾಯಿಗೆ ಹೇಳಿ ಈಗ ಏನುಪಯೋಗ? ಹೇಳಬೇಕಾದವಳಿಗೆ, ಹೇಳಬೇಕಾದಾಗ ಅವನು ಹೇಳಿರಲಿಲ್ಲ.

“ಮೊದಲ ದವಾಖಾನಿಗೆ ಹೋಗ್ರಿ, ಉಳಿದದ್ದು ಆಮ್ಯಾಲ ಅಂತ ಅನಸವ್ವಗ ಹೇಳಿ ಬಂದೇನಿ,” ಎಂದು ತಂಗೆವ್ವ ಚೀಲದಿಂದ ಕಾಯಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅದು ಅಲ್ಲೇ ಒಣಗಿತು.

*

ಥೈರಾಯ್ಡಿನ ಕ್ಯಾನ್ಸರ್ ಎಂದರು ಬೆಳಗಾವಿಯ ಡಾಕ್ಟರು. ಅದು ಕುತ್ತಿಗೆಯ ಬಲಬದಿಯ ಗಂಟುಗಳಿಗೆ ಹಬ್ಬಿದೆ. ದುಗ್ಧಗ್ರಂಥಿಗಳು ಎಂದು ಅವುಗಳ ಹೆಸರು, ಎಲ್ಲರ ಕುತ್ತಿಗೆಯಲ್ಲೂ ಸಣ್ಣ ಕಾಳುಗಳಂತೆ ಇರುತ್ತವೆ, ರೋಗ ಹೊಕ್ಕರೆ ಉಬ್ಬುತ್ತವೆ. ಜೀವಕ್ಕೆ ಹೆದರಬೇಡಿ, ಇದು ಗುಣವಾಗುವ ಜಾತಿ, ಆದರೆ ಥೈರಾಯ್ಡಿನ ಜೊತೆಗೆ ಆ ಗಂಟುಗಳನ್ನೂ ಅವುಗಳ ಸುತ್ತಲಿನ ಕೊಬ್ಬನ್ನೂ ಬಿಡಿಸಿ ತೆಗೆಯಲೇಬೇಕು.

“ಲಗೂ ಬಂದಿದ್ರ ಇಷ್ಟ ಕೊಯ್ಯೂದು ಬೀಳತಿರಲಿಲ್ಲೇನೋ ಅಂದ್ರಪಾ,” ಎಂದಳು ಅನಸವ್ವ, ವಾರ್ಡಿನ ಹೊರಗಿನ ಬೆಂಚಿನ ಮೇಲೆ. “ಗಂಟಿನ ನಡುವ ಹೆಗಲಿನ ನರ ಐತೆಂತ. ಉಳಿಸೇವಿ ಅಂತಾರ. ಆದ್ರ ಕೈ ಎತ್ತಾಕ ಭಾಳ ದಿನ ತ್ರಾಸ ಆಗತೈತೆಂತ. ಆಕಿ ನೌಕರಿನ ಕೈ ಎತ್ತೂದಲ್ಲೇನಪಾ?”

ಮಾಳು ಒಳಗೆ ಹೋದ. ವೈಶಾಲಿ ದಿಂಬಿಗೆ ಒರಗಿ ಕೂತಿದ್ದಳು. ಬಲಗಿವಿಯ ಕೆಳಗಿನಿಂದ ಹೊರಟ ಪಟ್ಟಿ ಕೊರಳ ಗುಂಟ ಇಳಿದು ಮುಂದಕ್ಕೆ ಬಾಗಿತ್ತು. ಅದರ ಅಡಿಯಿಂದ ಹೊರಟ ಒಂದು ಕೊಳವೆ, ಹಾಸಿಗೆಯ ಪಕ್ಕದ ಬಾಟಲಿಗೆ. ಬಾಟಲಿಯಲ್ಲಿ ಕೆಂಪು ನೀರು.

“ಬಂದ್ಯಾ, ಟೇಲರ್?” ದನಿ ಉಸುಕಿನ ಮೇಲೆ ಚಪ್ಪಲಿ ಎಳೆದಂತಿತ್ತು. “ನೋಡು, ನಿನಗಿಂತ ಛಂದ ಹೊಲಿದಾರ.”

ನಗಬೇಕಿತ್ತು. ನಕ್ಕಿದ್ದರೆ ಅಷ್ಟರಮಟ್ಟಿಗೆ ಅವಳಿಗೊಂದು ಆಸರೆಯಾಗುತ್ತಿತ್ತು. ಮಾಳು ಬಾಟಲಿಯನ್ನು ನೋಡಿದ, ಫ್ಯಾನು ನೋಡಿದ, ನೆಲದ ಫರಶಿ ನೋಡಿದ. ಅವಳ ಮುಖವೊಂದನ್ನು ಬಿಟ್ಟು ಆ ಕೋಣೆಯಲ್ಲಿದ್ದ ಎಲ್ಲವನ್ನೂ ನೋಡಿ, “ಹಣ್ಣ ತಂದೇನಿ” ಎಂದು ಹೇಳಿ ಹೊರಗೆ ಬಂದ.

*

ಅವಳು ಮತ್ತೆ ಮೆಟ್ಟಿಲು ಹತ್ತಿದ್ದು ಕಬ್ಬಿನ ಹಂಗಾಮು ಶುರುವಾದ ಮೇಲೆ. ರಸ್ತೆಯ ತುಂಬ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ಟ್ರ್ಯಾಕ್ಟರುಗಳು. ಬೂಟಿನ ಸದ್ದಲ್ಲ, ಚಪ್ಪಲಿಯ ಸದ್ದು. ನಡುನಡುವೆ ನಿಂತು ಬರುವ ಸದ್ದು. ಮಾಳುವಿಗೆ ಯಾರೆಂದು ತಿಳಿಯಿತು, ಆದರೂ ಏಳಲಾಗಲಿಲ್ಲ.

ಚೂಡಿದಾರಿನಲ್ಲಿದ್ದಳು. ವೇಲನ್ನು ಎಡಗಡೆ ಮಾತ್ರ ಹಾಕಿಕೊಂಡಿದ್ದಳು. ಬಲ ಹೆಗಲು ಸ್ವಲ್ಪ ಕೆಳಗೆ ಇಳಿದಿತ್ತು, ಯಾರೋ ಕಾಣದ ಒಂದು ಚೀಲವನ್ನು ಅಲ್ಲಿ ತೂಗುಹಾಕಿ ಮರೆತು ಹೋದಂತೆ. ಕೊರಳ ಬಲಬದಿ ಒಳಗೆ ತಗ್ಗಾಗಿತ್ತು. ಗಾಯದ ಗೆರೆಯನ್ನು ಅವಳು ಮುಚ್ಚಿಕೊಂಡಿರಲಿಲ್ಲ.

“ಬೀಳಗಿಗೆ ಹಾಕ್ಯಾರ,” ಎಂದಳು ಸ್ಟೂಲಿನ ಮೇಲೆ ಕೂತು. “ಸ್ಟ್ಯಾಂಡಿನಾಗ ಕೂತು ಮೈಕಿನಾಗ ಬಸ್ಸಿನ ಹೆಸರ ಹೇಳೂದಂತ. ಸರಳ ಹಿಡಿಯಾಕ ಆಗಂಗಿಲ್ಲಲ್ಲ. ಅವ್ವನೂ ನನ್ನ ಜೋಡಿ ಬರತಾಳ.”

“ದನಿ?”

“ಇದ ದನಿ. ರೇಡಿಯೋ ಕೆಟ್ಟೈತಿ ಅಂತಾರ ಮಂದಿ.” ಅವಳು ನಕ್ಕಳು. “ಡಾಕ್ಟರ್ ಹೇಳ್ಯಾರ, ಇನ್ನೂ ಸುಧಾರಿಸತೈತೆಂತ. ಒಂದ ಅಂಗಿ ಹೊಲಿಸಬೇಕು. ಹಳೇವು ಯಾವೂ ಕೂಡವಲ್ವು, ಹೆಗಲಿಂದ ಜಾರತಾವು.”

ಮಾಳುವಿನ ಕೈ ಅಭ್ಯಾಸದಿಂದ ಹಿಂದಿನ ಮೊಳೆಯ ಕಡೆ ಹೋಯಿತು.

“ಅದಲ್ಲ. ಅದು ಹಳೇ ಅಳತಿ,” ಎಂದಳು. “ಈ ಸಲ ಟೇಪ್ ಹಚ್ಚು.”

“ವೈಶಾಲಿ, ನಾವು ಹೆಣ್ಮಕ್ಕಳಿಗೆ...”

“ಗೊತ್ತೈತಿ. ಹಚ್ಚು.”

ಮುತ್ತಣ್ಣ ಮಾಸ್ತರರ ಕಟ್ಟಳೆ ಅವತ್ತು ಮುರಿಯಿತು. ಮಾಳು ಎದ್ದು ಅವಳ ಹಿಂದೆ ನಿಂತ. ಮೊದಲು ಬೆನ್ನು, ಆಮೇಲೆ ಎಡ ಹೆಗಲು, ಆಮೇಲೆ ಬಲ. ಎರಡೂ ಬೇರೆ ಬೇರೆ ಅಳತೆ. ಕಡೆಗೆ ಕೊರಳು ಉಳಿಯಿತು. ಆ ಕಿಟಕಿಯಿಂದ ಎಷ್ಟು ಮಧ್ಯಾಹ್ನ ಅವನು ನೋಡಿದ ಕೊರಳು ಅದು, ಕೂದಲ ಎಳೆಯೊಂದು ಅಂಟಿಕೊಂಡಿದ್ದರೆ ಬಿಡಿಸಬೇಕೆಂದು ಬೆರಳು ತವಕಿಸುತ್ತಿದ್ದ ಕೊರಳು. ಟೇಪನ್ನು ಸುತ್ತಿ, ಬಲಗಿವಿಯ ಕೆಳಗೆ ಅದು ಮಡಿಚಿಕೊಂಡದ್ದನ್ನು ಸರಿಪಡಿಸಲು ಬೆರಳಿಟ್ಟ. ಅವಳ ಚರ್ಮ ಬೆಚ್ಚಗಿತ್ತು. ಬೆರಳನ್ನು ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚು ಅಲ್ಲೇ ಇಟ್ಟ.

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಹಚ್ಚಿದ್ಯಾ?” ಎಂದಳು.

“...ಹೂಂ. ಮುಟ್ಟಿದ್ದು ಗೊತ್ತಾಗಲಿಲ್ಲೇನು?”

“ಆ ಕಡೆ ಗೊತ್ತಾಗಂಗಿಲ್ಲ. ಓಲಿ ಹಾಕ್ಕೊಂಡ್ರೂ ಹಾಕ್ಕೊಂಡಿಲ್ಲ ಅನ್ನಿಸತೈತಿ.”

ಮಾಳು ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ಬಂದು ಅವಳ ಎದುರು ನಿಂತ. ಹೇಳಬೇಕಾದ ಮಾತು ಇನ್ನೂ ಅವನೊಳಗೇ ಇತ್ತು. ಅದನ್ನು ಅವಳೇ ಹೊರಗೆ ತೆಗೆದಳು.

“ನೀ ಬಿಗಿ ಹೊಲಿದಿರಲಿಲ್ಲ. ಹೌದಲ್ಲ?”

“ಇಲ್ಲ.”

“ದವಾಖಾನ್ಯಾಗ ಮಕ್ಕೊಂಡಾಗ ಹೊಳೀತು. ನೀ ನನ್ನ ಮಾರಿ ನೋಡಲಿಲ್ಲಲ್ಲ, ಅವತ್ತ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆಚ್ಚು ಸುಟ್ಟಿತು. “ನಾನೂ ಎಂಥಾಕಿ ನೋಡು. ಸ್ನಾನ ಮಾಡೂ ಮುಂದ ಕೈಗೆ ಹತ್ತತಿತ್ತು. ಕನ್ನಡಿ ಮುಂದ ನಿಂತು, ನೋಡು, ನನ್ನ ಟೇಲರ್ ಎಷ್ಟ ಬಿಗಿ ಮಾಡ್ಯಾನ ಅಂತ ನಕ್ಕೋಂತ ಗುಂಡಿ ಹಾಕ್ಕೊಂತಿದ್ದೆ. ನನಗೂ ಅದು ನೀ ಮಾಡಿದ ಬಿಗಿನ ಆಗಿರ್ಲಿ ಅಂತ ಇತ್ತು.”

“ಮದಿವ್ಯಾಗು, ವೈಶಾಲಿ,” ಎಂದ ಮಾಳು. ಎಲ್ಲಿಂದ ಬಂತೋ ಆ ಮಾತು. ಬಾಯಿಂದ ಹೊರಟಾಗಲೇ ಅದು ತಡವಾದ ಬಸ್ಸಿನಂತೆ ಕಂಡಿತು. “ನಮ್ಮವ್ವನೂ ಹೂಂ ಅಂತಾಳ. ಜೀವನಪೂರ್ತಿ ನಿನ್ನ ಛಲೋತ್ನಂಗ ನೋಡ್ಕೊಂತೇನಿ.”

ವೈಶಾಲಿ ಅವನನ್ನು ನೋಡಿದಳು. ಕತ್ತು ಎತ್ತಲು ಬಾರದ್ದರಿಂದ ಕಣ್ಣುಗಳನ್ನು ಮಾತ್ರ ಮೇಲಕ್ಕೆತ್ತಿ.

“ನಿನಗ ‘ಕಳ್ಳ’ ಅಂದೆನಲ್ಲ, ಅವತ್ತ ಕೇಳಿದ್ರ ನಿಂತ ಕಾಲ ಮ್ಯಾಲ ಹೂಂ ಅಂತಿದ್ದೆ. ಈಗ ನೀ ನನ್ನ ಕೇಳಾಕತ್ತಿಲ್ಲ, ಮಾಳು. ಮಾಫಿ ಕೇಳಾಕತ್ತಿ.” ಅವಳು ಎಡಗೈಯಿಂದ ಅವನ ಕೈಯ ಟೇಪಿನ ತುದಿಯನ್ನು ಹಿಡಿದು ಮೆಲ್ಲಗೆ ಎಳೆದಳು. “ಅದನ್ನ ಯಾವಾಗೋ ಕೊಟ್ಟೇನಿ. ಮದಿವಿ ಬ್ಯಾರೆ.”

“ಎರಡೂ ಒಂದ ಅನಕೋ.”

“ಹೆಂಗ ಅನಕೊಳ್ಳಿ? ದಿನಾ ಮುಂಜಾನೆದ್ದು ನೀ ನನ್ನ ಕುತಿಗಿ ನೋಡಿ ಮಾರಿ ತಿರುವತಿ. ನಾ ನಿನ್ನ ಮಾರಿ ನೋಡಿ ನನ್ನ ಕುತಿಗಿ ನೆನಸ್ಕೊಂತೇನಿ. ಇಬ್ಬರೂ ಒಬ್ಬರಿಗೊಬ್ಬರು ರೋಗ ಆಗತೇವಿ.”

ಮಾಳು ಇಲ್ಲ ಎನ್ನಲು ಬಾಯಿ ತೆರೆದ. ಆದರೆ ಅವಳು ಹೇಳುತ್ತಿದ್ದಾಗಲೇ ಅವನ ಕಣ್ಣು ಗಾಯದ ಗೆರೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಇಬ್ಬರಿಗೂ ಅದು ಗೊತ್ತಾಯಿತು.

ಅವಳು ಎದ್ದಳು. “ಸೋಮವಾರ ಬೀಳಗಿ ಬಸ್ ಹತ್ತತೇನಿ. ಅಂಗಿ ಅವತ್ತ ಒಯ್ತೇನಿ.” ಬಾಗಿಲವರೆಗೆ ಹೋಗಿ ನಿಂತಳು. “ಆ ಅಳತಿ ಅಂಗಿ ಕೊಡು.”

ಅಳತೆಯ ಬಟ್ಟೆಯನ್ನು ವಾಪಸ್ಸು ಕೇಳಿದವರು ಮತ್ತೆ ಹೊಲಿಸಲು ಬರುವುದಿಲ್ಲ ಎಂದು ಎಲ್ಲ ಟೇಲರುಗಳಿಗೂ ಗೊತ್ತು. ಮಾಳು ಅದನ್ನು ಮೊಳೆಯಿಂದ ಇಳಿಸಿ, ಮಡಿಕೆ ಮಾಡಿ, ಅವಳ ಎಡಗೈಗೆ ಕೊಟ್ಟ. ಇಷ್ಟು ವರ್ಷ ಅಂಗಿ ನೇತಾಡಿದ ಜಾಗದಲ್ಲಿ ಗೋಡೆಯ ಸುಣ್ಣ ಇನ್ನೂ ಹೊಸದಾಗಿತ್ತು.

*

ಆ ಅಂಗಿಯನ್ನು ಮಾಳು ಬೇರೆ ಎಲ್ಲ ಕೆಲಸ ಬಿಟ್ಟು ಹೊಲಿದ. ಕತ್ತರಿಸುವ ಮೊದಲು ಖಾಕಿ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಮಹಡಿಯ ಕಟಾಂಜನಕ್ಕೆ ಹರವಿ ಒಣಗಿಸಿದ. ಒಣಗಿದ ಮೇಲೆ ಮತ್ತೆ ನೆನೆಸಿದ. ಮತ್ತೆ ಒಣಗಿಸಿದ. ಕೆಳಗಿನ ಬೆಲ್ಲದ ಅಂಗಡಿಯವರು “ಏನ್ ಮಾಳಪ್ಪ, ಅಂಗಿ ಹೊಲೀತಿಯೋ, ಅಗಸರ ಕೆಲಸ ಹಿಡದ್ಯೋ?” ಎಂದು ನಕ್ಕರು. ಬಲ ಹೆಗಲಿಗೊಂದು ಅಳತೆ, ಎಡಕ್ಕೊಂದು ಅಳತೆ. ಎರಡನ್ನೂ ಸಮ ಕಾಣಿಸಲು ಒಳಗೆ ಹತ್ತಿಯ ಪ್ಯಾಡು ಇಡಬೇಕೆಂದು ಒಮ್ಮೆ ಅನ್ನಿಸಿತು. ಇಡಲಿಲ್ಲ. ಹೆಗಲು ಹೇಗಿದೆಯೋ ಹಾಗೆ ಹೊಲಿದ.

ಸೋಮವಾರ ಕಿಟಕಿಯಲ್ಲಿ ಕೂತು ಕಾದ. ಮಧ್ಯಾಹ್ನ ಬೀಳಗಿಯ ಬಸ್ಸು ಬಂದು ನಿಂತಿತು. ಬಾಗಿಲ ಬಳಿಯ ಸರಳು ಹಿಡಿದು ಯಾರೋ ಹೊಸ ಕಂಡಕ್ಟರ್ ಹುಡುಗಿ ಇಳಿದಳು. ವೈಶಾಲಿ ಒಳಗೆ ಕಿಟಕಿಯ ಪಕ್ಕ ಕೂತಿದ್ದಳು, ಆಚೆ ಅನಸವ್ವ, ಕಾಲಬಳಿ ಟ್ರಂಕು.

ಅವಳು ಮೇಲೆ ಬರುತ್ತಾಳೆಂದು ಮಾಳು ಕಾದ.

ವೈಶಾಲಿಯ ಕಣ್ಣುಗಳು ಎದ್ದವು. ಆಮೇಲೆ ಗದ್ದ ಎದ್ದಿತು, ಸ್ವಲ್ಪವೇ. ಅಲ್ಲಿಗೆ ನಿಂತಿತು. ಮುಖ ಕಿವುಚಿದಳು, ಎಡಗೈ ಕೊರಳಿಗೆ ಹೋಯಿತು. ಇನ್ನೊಮ್ಮೆ ಪ್ರಯತ್ನಿಸಿದಳು. ಮಹಡಿಯ ಕಿಟಕಿ ಅವಳಿಗೆ ಎಟುಕದಷ್ಟು ಎತ್ತರದಲ್ಲಿತ್ತು.

ಅದೇ ಕ್ಷಣ ಮಾಳು ಎದ್ದ. ಪೇಪರಿನಲ್ಲಿ ಸುತ್ತಿದ ಅಂಗಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ. ಎಷ್ಟು ಸಲ ‘ಇಳದ ಬಾ’ ಎಂದು ಕೂಗಿದ್ದಳು ಅವಳು. ಎಷ್ಟು ಸಲ ತಾನೇ ಹತ್ತಿ ಬಂದಿದ್ದಳು. ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿದ್ದಂತೆಯೇ ಅವನು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನುಸುಳಿ ಬಸ್ಸಿನ ಕಿಟಕಿಯ ಕೆಳಗೆ ಬಂದು ನಿಂತ. ಈಗ ಅವಳು ಕತ್ತು ಎತ್ತಬೇಕಾಗಿರಲಿಲ್ಲ.

“ಇಳದ ಬಂದಿ,” ಎಂದಳು ವೈಶಾಲಿ. ಆ ಒಡಕು ದನಿಯಲ್ಲಿ ಆಶ್ಚರ್ಯವಿತ್ತು.

“ಬಂದೆ.”

“ಮೆಷಿನ್?”

“ಇರ್ಲಿ ಅದು.” ಅವನು ಅಂಗಿಯನ್ನು ಕಿಟಕಿಯೊಳಗೆ ಕೊಟ್ಟ. ಅವಳ ಮುಖ ನೋಡಿದ. ಕೊರಳು ನೋಡಿದ. ಗೆರೆಯ ಮೇಲೆ ಕಣ್ಣು ನಿಲ್ಲಿಸಿ, ಈ ಸಲ ತಗ್ಗಿಸಲಿಲ್ಲ. “ಒಂದ ಮಾತ ಕೇಳು. ಕಾಲರ್ ಬಿಗಿ ಆದ್ರ...”

“ನಿನ್ನ ಕಡೆ ಬರಬೇಕು?” ಹಳೆಯ ತುಂಟತನ ಒಂದು ಗಳಿಗೆ ಅವಳ ಕಣ್ಣಂಚಿಗೆ ಬಂತು.

“ಬ್ಯಾಡ. ಯಾ ಟೇಲರ್ ಕಡೆನೂ ಹೋಗಬ್ಯಾಡ. ಸೀದಾ ದವಾಖಾನಿಗೆ ಹೋಗು. ಅವತ್ತ ಹೋಗು.”

“ಬಟ್ಟಿ ಕುಗ್ಗಿದ್ರ?”

“ಕುಗ್ಗಂಗಿಲ್ಲ. ನೆನಸಿ, ಒಣಗಿಸಿ, ಮತ್ತ ನೆನಸಿ ಹೊಲಿದೇನಿ. ಇನ್ನ ಎಂದೂ ಕುಗ್ಗಂಗಿಲ್ಲ ಅದು.”

ಅವಳು ಪೇಪರನ್ನು ಒಂದು ಬದಿ ಸರಿಸಿ ಕಾಲರನ್ನು ಮುಟ್ಟಿದಳು. ಗುಂಡಿಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದಳು. ಅದನ್ನು ಹಾಗೇ ಎತ್ತಿ ಎಡಗೆನ್ನೆಗೆ, ಮುಟ್ಟಿದ್ದು ತಿಳಿಯುವ ಕಡೆಗೆ, ಒತ್ತಿಕೊಂಡಳು.

ಹೊಸ ಹುಡುಗಿ ಸೀಟಿ ಊದಿದಳು. “ರೈಟ್, ರೈಟ್!”

ಬಸ್ಸು ಅಲುಗಿತು. ಮಾಳು ಅದರ ಜೊತೆ ನಾಲ್ಕು ಹೆಜ್ಜೆ ನಡೆದು ನಿಂತ. ಇನ್ನು ಅವಳು ಹಿಂದಿರುಗಿ ನೋಡಲಾರಳು ಎಂದು ಅವನಿಗೆ ಗೊತ್ತಿತ್ತು, ಆ ಕುತ್ತಿಗೆ ಹೊರಳುತ್ತಿರಲಿಲ್ಲ. ಆದರೆ ವೈಶಾಲಿ ಸೀಟಿನಲ್ಲಿ ಅರ್ಧ ಎದ್ದಳು. ಅನಸವ್ವನ ಹೆಗಲು ಹಿಡಿದುಕೊಂಡು, ಇಡೀ ಮೈಯನ್ನೇ ಅವನ ಕಡೆಗೆ ತಿರುಗಿಸಿಕೊಂಡು, ನಡುವೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬರುವವರೆಗೂ ಹಾಗೇ ನೋಡುತ್ತಿದ್ದಳು.